ಗಗನಯಾತ್ರಿಯ ಪುಟ್ಟ ಚೀಲ

ಗಗನಯಾತ್ರಿಯ ಗಂಟು ಬಹು ಚಿಕ್ಕದು. ನೌಕೆಯನ್ನು ಭೂಮಿಯ ಸೆಳೆತದಿಂದ ಮೇಲೆತ್ತಲು ವಿಪುಲವಾದ ಇಂಧನ ಬೇಕಾಗುವುದರಿಂದ, ಅದರೊಳಗೆ ಸೇರುವ ಪ್ರತಿಯೊಂದು ವಸ್ತುವನ್ನೂ ತೂಗಿ ನೋಡಲಾಗುತ್ತದೆ. ಅಮೆರಿಕದ ಬಾಹ್ಯಾಕಾಶ ಷಟಲ್‌ನಲ್ಲಿ ಹಾರುತ್ತಿದ್ದವರು ತಮ್ಮ ಸ್ವಂತಕ್ಕೆಂದು 20 ವಸ್ತುಗಳನ್ನು ಮಾತ್ರ ಒಯ್ಯಬಹುದಾಗಿತ್ತು; ಅವೆಲ್ಲವೂ ಸೇರಿ ಸುಮಾರು 680 ಗ್ರಾಂ ಮೀರುವಂತಿರಲಿಲ್ಲ. ಇಂತಹ ಇಕ್ಕಟ್ಟಿನಲ್ಲಿ ಒಬ್ಬರು ಯಾವುದನ್ನು ಆರಿಸಿಕೊಂಡರು ಎಂಬುದರಿಂದ ಅವರ ಅಂತರಂಗವನ್ನು ಕೊಂಚ ಮಟ್ಟಿಗೆ ಅರಿಯಬಹುದು.

ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳನ್ನೇ ಹೆಸರಾಗಿ ಇಟ್ಟುಕೊಂಡ ವಿದ್ಯಾರ್ಥಿ ಸಂಘಗಳು ಬಹುಕಾಲದಿಂದ ಇವೆ. ಹುಡುಗರ ಸಂಘವನ್ನು ಸೇರಿದವರು ಪರಸ್ಪರ ಸೋದರರು. ಹುಡುಗಿಯರ ಸಂಘವನ್ನು ಸೇರಿದವರು ಸೋದರಿಯರು. ವಿದ್ಯಾಭ್ಯಾಸ ಮುಗಿದ ಮೇಲೂ ಈ ನಂಟು ಕಡಿಯುವುದಿಲ್ಲ. 1969ರಲ್ಲಿ ಚಂದ್ರನತ್ತ ಹೊರಟ ನೀಲ್ ಆರ್ಮ್‌ಸ್ಟ್ರಾಂಗ್ ಅವರು ಫೈ ಡೆಲ್ಟಾ ಥೀಟಾ ಎಂಬ ತಮ್ಮ ಸಂಘದ ಬಿಲ್ಲೆಯನ್ನು ಜೊತೆಗೊಯ್ದಿದ್ದರು. 1903ರಲ್ಲಿ ಹಾರಿದ ರೈಟ್ ಸೋದರರ ವಿಮಾನದ ಒಂದು ಮರದ ಚೂರೂ ರೆಕ್ಕೆಯ ಬಟ್ಟೆಯ ತುಣುಕೂ ಅವರೊಡನೆ ಚಂದ್ರಯಾತ್ರೆ ಮಾಡಿದವು.

ಆದರೆ ಡಾ. ಮೇ ಜೆಮಿಸನ್ ಅವರ ಆಯ್ಕೆ ಇನ್ನೂ ಹೆಚ್ಚು ಅರ್ಥವತ್ತಾದುದು. ವೈದ್ಯೆಯೂ ಎಂಜಿನಿಯರೂ ಆದ ಈಕೆ 1992ರ ಸೆಪ್ಟೆಂಬರ್ 12ರಂದು ಎಂಡೆವರ್ ನೌಕೆಯಲ್ಲಿ ಮೇಲೇರಿ, ಬಾಹ್ಯಾಕಾಶವನ್ನು ಮುಟ್ಟಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಎನಿಸಿದರು. ಆಕೆ ಒಯ್ದ ವಸ್ತುಗಳಲ್ಲಿ ಆಲ್ಫಾ ಕಪ್ಪಾ ಆಲ್ಫಾ ಎಂಬ ಸೋದರಿಯರ ಸಂಘದ ಪತಾಕೆಯೂ ಒಂದು. ಈ ಸಂಘವು ಆಕೆಯನ್ನು ಗೌರವ ಸದಸ್ಯೆಯನ್ನಾಗಿ ಮಾಡಿಕೊಂಡಿತ್ತು. ವಾಷಿಂಗ್ಟನ್ ನಗರದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲವೇ ಮಂದಿ ಕರಿಯ ವಿದ್ಯಾರ್ಥಿನಿಯರು 1908ರಲ್ಲಿ ಇದನ್ನು ಕಟ್ಟಿದಾಗ, ಆ ದೇಶದಲ್ಲಿ ಗುಲಾಮಗಿರಿ ಅಳಿದು ಐವತ್ತು ವರ್ಷಗಳೂ ತುಂಬಿರಲಿಲ್ಲ. ಬಹುಪಾಲು ಕಾಲೇಜುಗಳ ಬಾಗಿಲು ಅವರಿಗೆ ಮುಚ್ಚಿತ್ತು.

ಅದೇ ಚೀಲದಲ್ಲಿ ಬೆಸ್ಸಿ ಕೋಲ್ಮನ್ ಅವರ ಭಾವಚಿತ್ರವೂ ಇತ್ತು. ಷಿಕಾಗೋದ ಕ್ಷೌರದಂಗಡಿಯೊಂದರಲ್ಲಿ ಗಿರಾಕಿಗಳ ಉಗುರು ತಿದ್ದುವ ಕೆಲಸ ಮಾಡುತ್ತಿದ್ದ ಕೋಲ್ಮನ್ ಅವರಿಗೆ ವಿಮಾನ ಹಾರಿಸುವ ಹಂಬಲ. ಹೆಂಗಸು, ಅದರಲ್ಲೂ ಕರಿಯಳು ಎಂಬ ಕಾರಣದಿಂದ ಅಮೆರಿಕದ ಯಾವ ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಆಕೆ ಎದೆಗುಂದದೆ ಫ್ರೆಂಚ್ ಭಾಷೆ ಕಲಿತು, ಕಡಲು ದಾಟಿ ಫ್ರಾನ್ಸ್‌ಗೆ ಹೋಗಿ 1921ರಲ್ಲಿ ವಿಮಾನ ಚಾಲಕಿಯ ಪರವಾನಗಿ ಪಡೆದರು. ಸ್ವದೇಶಕ್ಕೆ ಮರಳಿ ಊರೂರುಗಳಲ್ಲಿ ಹಾರಾಟದ ಪ್ರದರ್ಶನ ನೀಡಿದರು. ಕರಿಯರಿಗೂ ವಿಮಾನ ಶಾಲೆಯೊಂದನ್ನು ತೆರೆಯಬೇಕೆಂಬ ಆಸೆ ಕೈಗೂಡುವ ಮೊದಲೇ, 1926ರಲ್ಲಿ ವಿಮಾನದಿಂದ ಬಿದ್ದು ತೀರಿಕೊಂಡರು. ಅದೇ ಷಿಕಾಗೋದಲ್ಲಿ ಬೆಳೆದ ಜೆಮಿಸನ್ ಆ ಚಿತ್ರವನ್ನು ಆರಿಸಿಕೊಂಡುದರಲ್ಲಿ ಆಶ್ಚರ್ಯವೇನಿದೆ?

ಚೀಲದ ಮತ್ತೊಂದು ವಸ್ತು ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದ್ದು. ಜೆಮಿಸನ್ ಕೆಲಕಾಲ ವೈದ್ಯೆಯಾಗಿ ದುಡಿದ ನಾಡು ಅದು. ಅಲ್ಲಿ ಬುಂಡು ಎಂಬ ಸ್ತ್ರೀಯರ ಸಂಘವಿದೆ. ಪ್ರಾಯಕ್ಕೆ ಬಂದ ಹುಡುಗಿಯರನ್ನು ಸಂಸ್ಕಾರ ಮಾಡಿ ಸೇರಿಸಿಕೊಳ್ಳುವ ಈ ಸಂಘ, ಅಮೆರಿಕದ ಕಾಲೇಜು ಸಂಘಗಳಿಗಿಂತ ಬಹಳ ಹಳೆಯದು. ಅದರ ಒಂದು ಪ್ರತಿಮೆಯನ್ನು ಆಕೆ ಒಯ್ದಿದ್ದರು. ಹೀಗೆ ಅಟ್ಲಾಂಟಿಕ್ ಸಾಗರದ ಎರಡು ದಡಗಳ ಸೋದರೀ ಸಂಘಗಳ ಗುರುತುಗಳು ಒಂದೇ ನೌಕೆಯಲ್ಲಿ ಕೂಡಿದವು. ಕಪ್ಪೆಯ ಮೊಟ್ಟೆಗಳ ಮೇಲೆ ಪ್ರಯೋಗ ನಡೆಸುತ್ತ ಜೆಮಿಸನ್ ಸುಮಾರು ಎಂಟು ದಿನ ಭೂಮಿಯನ್ನು ಸುತ್ತಿದರು; ಸೆಪ್ಟೆಂಬರ್ 20ರಂದು ಆ ಪುಟ್ಟ ಚೀಲದೊಡನೆ ಫ್ಲಾರಿಡಾದಲ್ಲಿ ಇಳಿದರು.