ಮಾವಿನ ನೇರ ಮಾರಾಟ: ಗೂಗಲ್ ಜಾಹೀರಾತಿಗೆ ಸೂಕ್ತ ಪದಗಳ ಆಯ್ಕೆ

ರಾಮನಗರದ ಸುತ್ತಮುತ್ತ ಬಾದಾಮಿ ತಳಿಯ ಮಾವು ಹೆಚ್ಚಾಗಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಕೊಯ್ಲಿಗೆ ಬರುತ್ತದೆ. ಕಿತ್ತ ಹಣ್ಣನ್ನು ಬಹಳ ದಿನ ಇಟ್ಟುಕೊಳ್ಳಲಾಗದು. ಆದ್ದರಿಂದ ತೋಟದಲ್ಲೇ ಪೆಟ್ಟಿಗೆ ಕಟ್ಟಿ ಬೆಂಗಳೂರಿನ ಮನೆಗಳಿಗೆ ನೇರವಾಗಿ ಕಳುಹಿಸುವ ರೈತರು ಗೂಗಲ್‌ನಲ್ಲಿ ಜಾಹೀರಾತು ಕೊಡಬಹುದು. ಇದರಲ್ಲಿ ಪದಗಳ ಆಯ್ಕೆಯು ಬಿತ್ತನೆ ಬೀಜದ ಆಯ್ಕೆಯಷ್ಟೇ ಮುಖ್ಯವಾದುದು. ಪದ ತಪ್ಪಿದರೆ ಹಣ್ಣು ಮಾರುವ ಮೊದಲೇ ಹಣ ಕರಗುತ್ತದೆ.

ಜಾಹೀರಾತಿನ ಕ್ರಮ

ಯಾವ ಹುಡುಕಾಟಕ್ಕೆ ನಮ್ಮ ಜಾಹೀರಾತು ಕಾಣಿಸಬೇಕೆಂದು ನಾವು ಸೂಚಿಸುವ ಪದಕ್ಕೆ ಕೀವರ್ಡ್ ಎನ್ನುತ್ತಾರೆ. ಗ್ರಾಹಕರು ಹುಡುಕಿದಾಗಲೆಲ್ಲ ಕ್ಷಣಮಾತ್ರದಲ್ಲಿ ಒಂದು ಹರಾಜು ನಡೆಯುತ್ತದೆ. ಅದರಲ್ಲಿ ಕೂಗಿದ ದರದ ಜೊತೆಗೆ ಜಾಹೀರಾತಿನ ಗುಣಮಟ್ಟವೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ ಜಾಹೀರಾತನ್ನು ಕ್ಲಿಕ್ ಮಾಡಿದಾಗ ಮಾತ್ರ ಹಣ ಕೊಡಬೇಕು. ಆದರೆ ಕ್ಲಿಕ್ ಮಾಡಿದವರು ಹಣ್ಣು ಕೊಳ್ಳದಿದ್ದರೂ ಆ ಹಣ ಹಿಂತಿರುಗುವುದಿಲ್ಲ.

ಕೊಳ್ಳುವವರ ಪದಗಳನ್ನೇ ಆರಿಸಿ

ಕೇವಲ "ಬಾದಾಮಿ" ಎಂದು ಕೊಟ್ಟರೆ ಬಾಗಲಕೋಟೆ ಜಿಲ್ಲೆಯ ಬಾದಾಮಿ ಗುಹೆಗಳನ್ನು ನೋಡಲು ಹೊರಟವರು, ಬಾದಾಮಿ ಹಾಲು ಮಾಡುವ ವಿಧಾನ ಬೇಕಾದವರು ಎಲ್ಲರಿಗೂ ಜಾಹೀರಾತು ಕಾಣಿಸಬಹುದು. "ಮಾವು" ಎಂದಷ್ಟೇ ಕೊಟ್ಟರೆ ಜಿಗಿಹುಳು, ಬೂದಿ ರೋಗಗಳಿಗೆ ಔಷಧಿ ಹುಡುಕುವ ರೈತರೇ ಬಂದಾರು. "ಬಾದಾಮಿ ಮಾವಿನ ಹಣ್ಣು ಹೋಮ್ ಡೆಲಿವರಿ ಬೆಂಗಳೂರು" ಎಂದು ಹುಡುಕುವವರು ಸಂಖ್ಯೆಯಲ್ಲಿ ಕಡಿಮೆ. ಆದರೆ ಅವರು ಕೊಳ್ಳಲೆಂದೇ ಬಂದವರು.

ಅನುಸರಿಸಬೇಕಾದ ಕ್ರಮಗಳು

1. ಹಿಂದೆ ನಿಮ್ಮಿಂದ ಹಣ್ಣು ಕೊಂಡವರು ಫೋನಿನಲ್ಲಿ ಹೇಗೆ ಕೇಳಿದರೆಂಬುದನ್ನು ಬರೆದಿಡಿ. ಒಬ್ಬರು ಬಾದಾಮಿ ಎಂದರೆ ಮತ್ತೊಬ್ಬರು ಆಪೂಸ್ ಅಥವಾ ಆಲ್ಫಾನ್ಸೊ ಎನ್ನುತ್ತಾರೆ. ಕನ್ನಡ ಲಿಪಿ ಮತ್ತು ಇಂಗ್ಲಿಷ್ ಅಕ್ಷರ ಎರಡರಲ್ಲೂ ಪದಗಳನ್ನು ಕೊಡಿ.

2. ಪದ ಹೊಂದಿಸುವ ವಿಧಾನಗಳು ಮೂರು: ಬ್ರಾಡ್, ಫ್ರೇಸ್ ಮತ್ತು ಎಕ್ಸಾಕ್ಟ್. ಬ್ರಾಡ್ ವಿಧಾನದಲ್ಲಿ ದೂರದ ಸಂಬಂಧವಿರುವ ಹುಡುಕಾಟಗಳಿಗೂ ಜಾಹೀರಾತು ಹೋಗುತ್ತದೆ. ಹೊಸಬರು ಉದ್ಧರಣ ಚಿಹ್ನೆಯೊಳಗೆ ಬರೆಯುವ ಫ್ರೇಸ್ ಅಥವಾ ಚೌಕ ಆವರಣದೊಳಗೆ ಬರೆಯುವ ಎಕ್ಸಾಕ್ಟ್ ವಿಧಾನದಿಂದ ಆರಂಭಿಸುವುದು ಸೂಕ್ತ.

3. ಬೇಡದ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿ. ಇದು ಕಳೆ ತೆಗೆದಂತೆ. ಗುಹೆ, ಹಾಲು, ಎಣ್ಣೆ, ಸಸಿ, ರೋಗ ಮುಂತಾದವು ಇದರಲ್ಲಿರಲಿ. ಈ ಪಟ್ಟಿಯು ಸಮಾನಾರ್ಥಕ ಪದಗಳನ್ನು ತಾನಾಗಿ ತಡೆಯುವುದಿಲ್ಲ. ಆದ್ದರಿಂದ "ಸಸಿ"ಯ ಜೊತೆ "ಗಿಡ"ವನ್ನೂ ಬೇರೆಯಾಗಿ ಬರೆಯಬೇಕು. "ಬಾದಾಮಿ" ಎಂಬ ಪದವನ್ನೇ ಈ ಪಟ್ಟಿಗೆ ಹಾಕಿದರೆ ಬೆಳೆಯನ್ನೇ ಕಿತ್ತಂತಾಗುತ್ತದೆ.

4. ಹಣ್ಣು ತಲುಪಿಸಬಲ್ಲ ಊರುಗಳನ್ನು ಮಾತ್ರ ಆರಿಸಿ. ಆ ಊರಿನಲ್ಲಿ ಆಸಕ್ತಿ ಇರುವವರನ್ನು ಬಿಟ್ಟು, ಅಲ್ಲಿರುವವರಿಗಷ್ಟೇ ಜಾಹೀರಾತು ಕಾಣುವಂತೆ ಗುರುತು ಹಾಕಿ.

5. ರತ್ನಾಗಿರಿ ಮೊದಲಾದ ಕೊಂಕಣ ಜಿಲ್ಲೆಗಳ ಆಲ್ಫಾನ್ಸೊ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿದೆ. ಆ ಊರುಗಳ ಹೆಸರಿನಲ್ಲಿ ನಮ್ಮ ಹಣ್ಣನ್ನು ಮಾರಬಾರದು.

ಖರ್ಚಿನ ಲೆಕ್ಕ

ಉದಾಹರಣೆಗೆ, ಎಲ್ಲ ಖರ್ಚು ಕಳೆದು ಪೆಟ್ಟಿಗೆಗೆ 150 ರೂ. ಉಳಿಯುತ್ತದೆ ಎಂದುಕೊಳ್ಳೋಣ. 20 ಕ್ಲಿಕ್ಕಿಗೆ ಒಬ್ಬರು ಒಂದು ಪೆಟ್ಟಿಗೆ ಕೊಂಡರೆ, ಕ್ಲಿಕ್ ಒಂದಕ್ಕೆ 7 ರೂ. 50 ಪೈಸೆ ಕೊಟ್ಟಲ್ಲಿಗೆ ಲಾಭವೆಲ್ಲ ಮುಗಿಯಿತು. ಅದಕ್ಕಿಂತ ಹೆಚ್ಚು ಕೊಟ್ಟರೆ ಕೈಯಿಂದಲೇ ಹಾಕಬೇಕಾಗುತ್ತದೆ. ದಿನದ ಮಿತಿಯನ್ನು 200 ರೂ. ಎಂದಿಟ್ಟರೂ ಕೆಲವು ದಿನ ಅದರ ಎರಡರಷ್ಟು ಖರ್ಚಾಗಬಹುದು. ಇಡೀ ತಿಂಗಳಿಗೆ ಮಾತ್ರ ದಿನದ ಮಿತಿಯ 30.4 ಪಟ್ಟನ್ನು ಮೀರುವುದಿಲ್ಲ. ಇದನ್ನು ತಿಳಿದೇ ಮಿತಿಯನ್ನು ಗೊತ್ತುಮಾಡಿ.

ವಾರಕ್ಕೆರಡು ಬಾರಿ ತಪಾಸಣೆ

ಜನರು ನಿಜವಾಗಿ ಯಾವ ಪದಗಳನ್ನು ಬರೆದು ಹುಡುಕಿದರೆಂಬುದು "ಸರ್ಚ್ ಟರ್ಮ್ಸ್" ವರದಿಯಲ್ಲಿ ಬಹುಮಟ್ಟಿಗೆ ಸಿಗುತ್ತದೆ. ವಾರಕ್ಕೆ ಎರಡು ಬಾರಿಯಾದರೂ ಅದನ್ನು ನೋಡಿ, ಮಾರಾಟ ತಂದ ಪದಗಳನ್ನು ಉಳಿಸಿ, ವ್ಯರ್ಥ ಪದಗಳನ್ನು ಕಳೆಯಿರಿ. ಪದ, ಖರ್ಚು, ಮಾರಿದ ಪೆಟ್ಟಿಗೆ ಈ ಮೂರನ್ನೂ ಪುಸ್ತಕದಲ್ಲಿ ಬರೆದಿಡಿ. ಹಣ್ಣು ಮುಗಿದ ದಿನವೇ ಜಾಹೀರಾತನ್ನು ನಿಲ್ಲಿಸಲು ಮರೆಯಬೇಡಿ. ಈ ಪುಸ್ತಕವನ್ನು ಜೋಪಾನವಾಗಿಟ್ಟರೆ ಮುಂದಿನ ಹಂಗಾಮಿಗೆ ಒಳ್ಳೆಯ ಬೀಜ ಕೈಯಲ್ಲಿದ್ದಂತೆ.