ಷಿಕಾಗೊಗೆ ಬರೆಯುವ ಮುನ್ನ

ಪುಟ್ಟೀ,

ಕಾಲೇಜಿನ ಅರ್ಜಿಗೆಂದು ನೀನು ಬರೆದ ಪ್ರಬಂಧ ಓದಿದೆ. ಇಂಗ್ಲಿಷಿನಲ್ಲಿ ಒಂದು ತಪ್ಪೂ ಇಲ್ಲ. ಆದರೆ ಷಿಕಾಗೊ ವಿಶ್ವವಿದ್ಯಾಲಯವನ್ನು ನೀನು ಹೊಗಳಿದ ಪರಿ ನೋಡಿದರೆ, ಸನ್ಮಾನ ಸಮಾರಂಭದಲ್ಲಿ ಅಭಿನಂದನಾ ಪತ್ರ ವಾಚಿಸಿದ ಹಾಗಿದೆ. ಅದು 1890ರಲ್ಲಿ ಸ್ಥಾಪನೆಯಾದದ್ದು, ನೊಬೆಲ್ ಬಂದವರು ಎಷ್ಟು ಜನ, ಕಟ್ಟಡಗಳು ಎಷ್ಟು ಚಂದ, ಇವೆಲ್ಲ ಅವರಿಗೆ ಗೊತ್ತಿಲ್ಲವೇ? ಅವರು ಕೇಳಿದ್ದು, ನಿನಗೆ ಬೇಕಾದ ಥರದ ಓದು, ಜೊತೆಗಾರರು, ಮುಂದಿನ ದಾರಿ ಅಲ್ಲಿ ಹೇಗೆ ಸಿಗುತ್ತದೆ ಅಂತ. ಪ್ರಶ್ನೆಯಲ್ಲಿ ಅರ್ಧ ನೀನೇ ಇದ್ದೀ. ಉತ್ತರದಲ್ಲಿ ಮಾತ್ರ ನಾಪತ್ತೆ.

ಎ. ಕೆ. ರಾಮಾನುಜನ್ ಅಲ್ಲಿ ಪಾಠ ಮಾಡಿದ್ದರು ಎಂದು ಹೆಮ್ಮೆಯಿಂದ ಬರೆದಿದ್ದೀ. ನನಗೂ ಹೆಮ್ಮೆಯೇ. ಆದರೆ ಅವರು 1993ರಲ್ಲೇ ತೀರಿಕೊಂಡರು ಮಗಳೇ, ನಿನಗೆ ಪಾಠ ಹೇಳಲು ಬರುವುದಿಲ್ಲ. ಈಗ ಯಾರಿದ್ದಾರೆ, ಏನು ಕಲಿಸುತ್ತಿದ್ದಾರೆ ಎಂದು ಈ ವರ್ಷದ ಕೋರ್ಸುಗಳ ಪಟ್ಟಿ ತೆಗೆದು ನೋಡು. ರಾಮಾನುಜನ್ ಇರಲಿ, ಆದರೆ ಅವರು ಅನುವಾದಿಸಿದ ಯಾವ ವಚನ ನಿನ್ನನ್ನು ಕೆಣಕಿತು ಎಂದು ಹೇಳಬಲ್ಲೆಯಾದರೆ ಮಾತ್ರ.

ಇನ್ನು ನಿನಗೇ ಹೊಳೆಯದ ಒಂದು ಸಂಗತಿ. ಅಜ್ಜಿಯ ಹವ್ಯಕ ಮಾತುಗಳನ್ನು ನೀನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೀಯಲ್ಲ? ‘ನಾನು’ ಎನ್ನಲು ಅವಳು ಬಳಸುವ ‘ಆನು’ ಹಳಗನ್ನಡದಿಂದಲೇ ಬಂದದ್ದೋ ಎಂದು ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿ ಪೀಡಿಸಿದೆಯಲ್ಲ? ಆಗ ನೀನು ತೆರೆದುಕೊಂಡಿದ್ದು ಬರೋ ಮತ್ತು ಎಮಿನೊ ಅವರ ದ್ರಾವಿಡ ನಿಷ್ಪತ್ತಿ ಕೋಶ. ತಮಿಳು, ಮಲಯಾಳ, ತುಳು, ಕನ್ನಡದ ರೂಪಗಳನ್ನು ಒಂದರ ಪಕ್ಕ ಒಂದು ಇಟ್ಟ ಆ ಪುಟ ಎಲ್ಲಿಂದ ಬರುತ್ತದೆ, ನೋಡಿದ್ದೀಯಾ? ಷಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಿಂದ. ಅರ್ಜಿ ಹಾಕುವ ಮೊದಲೇ ಅವರ ಮನೆಯ ಪುಸ್ತಕ ಎರವಲು ತಂದು ಓದುತ್ತಿದ್ದೀ! ಅಲ್ಲಿಂದಲೇ ಶುರುಮಾಡು. ಯಾವ ಪದಕ್ಕೆ ಆ ಕೋಶದಲ್ಲೂ ಉತ್ತರ ಸಿಗಲಿಲ್ಲ, ಅದನ್ನು ಬಿಡಿಸಲು ಭಾಷಾಶಾಸ್ತ್ರದ ಯಾವ ತರಗತಿ ಬೇಕು, ಬರೆ. ಹಾಗಂತ ಅಜ್ಜಿಯನ್ನು ಕಥಾನಾಯಕಿ ಮಾಡಿ ಕಣ್ಣೀರು ಹಾಕಿಸಬೇಡ. ಅರ್ಜಿ ಹಾಕುತ್ತಿರುವುದು ಅವಳಲ್ಲ.

ಅಲ್ಲಿನ ಮನ್ಸುಯೆಟೊ ಗ್ರಂಥಾಲಯದ ಗಾಜಿನ ಗುಮ್ಮಟ ಸುಂದರವೆಂದೂ ಬರೆದಿದ್ದೀ. 2011ರಲ್ಲಿ ತೆರೆದ ಆ ಕಟ್ಟಡದಲ್ಲಿ ಪುಸ್ತಕಗಳೆಲ್ಲ ನೆಲದಡಿ. ಕೇಳಿದರೆ ಯಂತ್ರವೇ ಎತ್ತಿ ಕೊಡುತ್ತದೆ. ನೀನು ಯಾವ ಪುಸ್ತಕ ಕೇಳುತ್ತೀ? ಗುಮ್ಮಟಕ್ಕಿಂತ ಅದು ಮುಖ್ಯ.

ಒಂದು ಎಚ್ಚರಿಕೆ. ಅಲ್ಲಿ ‘ಕೋರ್’ ಎಂದಿದೆ. ಯಾವ ವಿಷಯ ಆರಿಸಿಕೊಂಡರೂ ಸಾಹಿತ್ಯ, ಸಮಾಜ, ವಿಜ್ಞಾನ, ಗಣಿತ ಎಲ್ಲವನ್ನೂ ಮುಟ್ಟಲೇಬೇಕು. ಕ್ವಾರ್ಟರ್ ಪದ್ಧತಿ ಬೇರೆ, ಪಾಠ ಶುರುವಾಯಿತು ಅನ್ನುವಷ್ಟರಲ್ಲಿ ಮಿಡ್‌ಟರ್ಮ್. ಪಿಯುಸಿ ಮುಗಿದರೆ ಗಣಿತಕ್ಕೆ ಎಳ್ಳುನೀರು ಎಂದು ಕುಣಿಯುತ್ತಿದ್ದವಳು ನೀನು. ಇಂಥ ಓದು ನಿಜಕ್ಕೂ ಬೇಕೇ ಎಂದು ಕೂತು ಯೋಚಿಸು. ಬೇಡವೆನಿಸಿದರೆ ಬೇರೆ ಕಾಲೇಜು ನೋಡೋಣ, ನನಗೇನೂ ಬೇಸರವಿಲ್ಲ.

ಚಾಟ್‌ಜಿಪಿಟಿಯ ಕೈಲಿ ಬರೆಸಬೇಡ, ನನಗೆ ಗೊತ್ತಾಗುತ್ತದೆ. ಗಡುವಿನ ಹಿಂದಿನ ರಾತ್ರಿಯವರೆಗೂ ಎಳೆಯದೆ ದಸರಾ ರಜೆಯಲ್ಲೇ ಹೊಸದಾಗಿ ಬರೆದು ಕಳಿಸು. ಜೊತೆಗೆ ಆ ನೋಟ್‌ಬುಕ್ಕಿನ ಎರಡು ಪುಟದ ಫೋಟೊ ಇರಲಿ.

ನಿನ್ನ ದೊಡ್ಡಮ್ಮ