ಚೀನಾ: ಏಕಪಕ್ಷ ಆಡಳಿತ

1. ಕಮ್ಯುನಿಸ್ಟ್ ಪಕ್ಷದ ಸ್ಥಾಪನೆ: 1921, ಶಾಂಘೈ. ಗಣರಾಜ್ಯ ಘೋಷಣೆ: 1949 ಅಕ್ಟೋಬರ್ 1. ಈಗಿನ ಸಂವಿಧಾನ: 1982.

2. ನಿಜವಾದ ಅಧಿಕಾರ ಕೇಂದ್ರ: ಪಾಲಿಟ್‌ಬ್ಯೂರೋ ಸ್ಥಾಯಿ ಸಮಿತಿ (2022ರಲ್ಲಿ 7 ಸದಸ್ಯರು).

3. ಗೊಂದಲ ಬೇಡ: ಪಕ್ಷದ ಮಹಾಧಿವೇಶನ 5 ವರ್ಷಕ್ಕೊಮ್ಮೆ (20ನೆಯದು 2022). ರಾಷ್ಟ್ರೀಯ ಜನತಾ ಕಾಂಗ್ರೆಸ್ ಎಂಬುದು ಏಕಸದನ ಸಂಸತ್ತು. ಅಧಿವೇಶನ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮಾರ್ಚ್‌ನಲ್ಲಿ.

4. ಷಿ ಜಿನ್‌ಪಿಂಗ್: ಪ್ರಧಾನ ಕಾರ್ಯದರ್ಶಿ 2012, ಅಧ್ಯಕ್ಷ 2013. 2018ರ ತಿದ್ದುಪಡಿ ತೆಗೆದದ್ದು ಅಧ್ಯಕ್ಷ, ಉಪಾಧ್ಯಕ್ಷರ ಸತತ ಎರಡು ಅವಧಿಯ ಮಿತಿಯನ್ನು ಮಾತ್ರ. ಪ್ರಧಾನ ಕಾರ್ಯದರ್ಶಿ ಹುದ್ದೆಗೆ ಪಕ್ಷದ ಸಂವಿಧಾನದಲ್ಲಿ ಅಂಥ ಮಿತಿ ಇರಲೇ ಇಲ್ಲ. ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಇಲ್ಲಿಯೇ. ಎರಡು ಸಲ ಓದಿ.

5. ಜನ ವಿಮೋಚನಾ ಸೇನೆ: ಪಕ್ಷದ ಸೇನೆ, ನಿಯಂತ್ರಣ ಕೇಂದ್ರೀಯ ಮಿಲಿಟರಿ ಆಯೋಗದ್ದು.

6. ಇತರ 8 ಸಣ್ಣ ಪಕ್ಷಗಳಿವೆ. ಅವು ಕಮ್ಯುನಿಸ್ಟ್ ನಾಯಕತ್ವವನ್ನು ಒಪ್ಪಿದವು, ವಿರೋಧ ಪಕ್ಷಗಳಲ್ಲ.